ಓದುಗರ ಪ್ರಶ್ನೆ: ಲೀಟರಿಗೆ 20 ಎಂದರು, 12 ಬರುತ್ತಿದೆ, ಏಕೆ?

ಪ್ರಶ್ನೆ: ಎಂಟು ತಿಂಗಳ ಹಿಂದೆ 1.2 ಲೀಟರ್ ಎಂಜಿನ್ನಿನ ಪೆಟ್ರೋಲ್ ಕಾರು ಕೊಂಡೆ. ಎ.ಆರ್.ಎ.ಐ. ಮೈಲೇಜು ಲೀಟರಿಗೆ 20 ಕಿ.ಮೀ. ಎಂದು ಶೋರೂಮಿನಲ್ಲಿ ಹೇಳಿದ್ದರು. ಬನಶಂಕರಿಯ ಮನೆಯಿಂದ ವೈಟ್‌ಫೀಲ್ಡಿನ ಕಚೇರಿಗೆ ದಿನವೂ ಹೋಗಿಬರುವ ನನಗೆ 12ಕ್ಕಿಂತ ಹೆಚ್ಚು ಸಿಗುತ್ತಿಲ್ಲ. ಹಾಸನಕ್ಕೆ ಹೋಗಿ ಬಂದಾಗಲೂ 17 ದಾಟಲಿಲ್ಲ. ಸರ್ವಿಸ್ ಸೆಂಟರಿನವರು ಎಲ್ಲವೂ ಸರಿಯಿದೆ ಎನ್ನುತ್ತಾರೆ. ನನಗೆ ಮೋಸವಾಗಿದೆಯೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನೀವು ಕೊಟ್ಟಿರುವ ವಿವರಗಳನ್ನು ನೋಡಿದರೆ ಕಾರಿನಲ್ಲಿ ದೋಷವಿದೆ ಎಂದು ನನಗೆ ಅನ್ನಿಸುವುದಿಲ್ಲ. ಆದರೆ ಆ 20 ಎಂಬ ಅಂಕಿ ಎಲ್ಲಿ, ಹೇಗೆ ಹುಟ್ಟಿತು ಎಂಬುದನ್ನು ಮಾರುವ ಹೊತ್ತಿನಲ್ಲೇ ನಿಮಗೆ ತಿಳಿಸಬೇಕಿತ್ತು. ತಿಳಿಸದೆ ಬರೀ ಅಂಕಿ ಹೇಳಿ ಕಳಿಸುವುದು ಸರಿಯಲ್ಲ.

ಎ.ಆರ್.ಎ.ಐ. ಎಂದರೆ ಪುಣೆಯಲ್ಲಿರುವ ವಾಹನ ಸಂಶೋಧನಾ ಸಂಸ್ಥೆ. ಅಲ್ಲಿ ಮೈಲೇಜು ಅಳೆಯಲು ಕಾರನ್ನು ರಸ್ತೆಗೆ ಇಳಿಸುವುದಿಲ್ಲ. 20ರಿಂದ 30 ಡಿಗ್ರಿ ಉಷ್ಣತೆಯ ಕೋಣೆಯೊಳಗೆ, ನೆಲದಲ್ಲಿ ಹುದುಗಿಸಿದ ಉರುಳೆಗಳ ಮೇಲೆ ಕಾರಿನ ಚಕ್ರಗಳನ್ನು ನಿಲ್ಲಿಸುತ್ತಾರೆ. ಎದುರಿಗೆ ಎಂಜಿನ್ ತಣಿಸಲು ದೊಡ್ಡದೊಂದು ಫ್ಯಾನ್ ಇರುತ್ತದೆ. ಚಾಲಕನ ಮುಂದಿನ ಪರದೆಯ ಮೇಲೆ ವೇಗದ ಗೆರೆಯೊಂದು ಏರುತ್ತ ಇಳಿಯುತ್ತ ಸಾಗುತ್ತದೆ, ಅವನು ಆ ಗೆರೆ ತಪ್ಪದಂತೆ ಆಕ್ಸಿಲರೇಟರ್ ಮತ್ತು ಬ್ರೇಕ್ ಒತ್ತುತ್ತಾನೆ. ಚಕ್ರ ತಿರುಗುತ್ತದೆ, ಕಾರು ಇದ್ದಲ್ಲೇ ಇರುತ್ತದೆ. ಖರ್ಚಾದ ಪೆಟ್ರೋಲನ್ನು ಟ್ಯಾಂಕಿನಿಂದ ಅಳೆಯದೆ, ಸೈಲೆನ್ಸರಿನಿಂದ ಬಂದ ಹೊಗೆಯನ್ನು ಸಂಗ್ರಹಿಸಿ, ಅದರಲ್ಲಿರುವ ಇಂಗಾಲದ ಪ್ರಮಾಣದಿಂದ ಲೆಕ್ಕ ಹಾಕುತ್ತಾರೆ. ಬಹಳ ಕರಾರುವಾಕ್ಕಾದ ವಿಧಾನ ಇದು. ಅಳತೆಯ ಬಗ್ಗೆ ಯಾರೂ ಸಂಶಯಪಡಬೇಕಾಗಿಲ್ಲ.

ವ್ಯತ್ಯಾಸವೆಲ್ಲ ಆ ಗೆರೆಯಲ್ಲಿದೆ. ಇಡೀ ಪರೀಕ್ಷೆ 1180 ಸೆಕೆಂಡು, ಅಂದರೆ ಇಪ್ಪತ್ತು ನಿಮಿಷಕ್ಕೂ ಕಡಿಮೆ. ಅದರಲ್ಲಿ ಕಾರು ಕ್ರಮಿಸುವ ದೂರ ಸುಮಾರು 11 ಕಿ.ಮೀ., ಗರಿಷ್ಠ ವೇಗ ಗಂಟೆಗೆ 90 ಕಿ.ಮೀ. ಊರೊಳಗಿನ ಓಡಾಟವನ್ನು ಅನುಕರಿಸುವ ಮೊದಲ ಭಾಗದಲ್ಲಿ, ನಿಂತ ಕಾರು 50 ಕಿ.ಮೀ. ವೇಗಕ್ಕೆ ಏರಲು ಸುಮಾರು 26 ಸೆಕೆಂಡು ತೆಗೆದುಕೊಳ್ಳುತ್ತದೆ. ಸಿಗ್ನಲ್ ಹಸಿರಾದ ಮೇಲೆ ನೀವು ಹಾಗೆ ಹೊರಟರೆ, ಹಿಂದಿನವರು ಹಾರ್ನ್ ಬಡಿದು ಪ್ರಾಣ ತಿನ್ನುತ್ತಾರೆ. ಇದರ ಮೇಲೆ ಪರೀಕ್ಷೆಯುದ್ದಕ್ಕೂ ಎ.ಸಿ. ಬಂದ್ ಆಗಿರುತ್ತದೆ.

ಈಗ ನಿಮ್ಮ ದಾರಿಗೆ ಬರೋಣ. ಬನಶಂಕರಿಯಿಂದ ಸಿಲ್ಕ್ ಬೋರ್ಡ್, ಮಾರತ್ತಹಳ್ಳಿ ಹಾದು ವೈಟ್‌ಫೀಲ್ಡಿಗೆ 25 ಕಿ.ಮೀ. ಎಂದುಕೊಳ್ಳಿ, ಒಂದು ಮುಕ್ಕಾಲು ಗಂಟೆ ಹಿಡಿಯಿತು ಎಂದುಕೊಳ್ಳಿ. ಸರಾಸರಿ ವೇಗ ಗಂಟೆಗೆ 14 ಕಿ.ಮೀ. ಆಯಿತು, ಪರೀಕ್ಷೆಯಲ್ಲಿ ಅದು 32ಕ್ಕೂ ಹೆಚ್ಚು. ನಿಮ್ಮ ಕಾರಿನಂಥ ಸಣ್ಣ ಎಂಜಿನ್ ಕೂಡ ಎ.ಸಿ. ಹಾಕಿಕೊಂಡು ನಿಂತಲ್ಲೇ ಓಡುತ್ತಿದ್ದರೆ ಗಂಟೆಗೆ ಹೆಚ್ಚುಕಡಿಮೆ ಒಂದು ಲೀಟರ್ ಕುಡಿಯಬಲ್ಲುದು. ದಾರಿಯಲ್ಲಿ ಒಟ್ಟು ಅರ್ಧ ಗಂಟೆ ನಿಂತಿದ್ದರೆ ಅರ್ಧ ಲೀಟರ್ ಹೋಯಿತು, ಕಾರು ಒಂದು ಅಡಿಯೂ ಮುಂದೆ ಹೋಗಿರುವುದಿಲ್ಲ. 12ರ ಲೆಕ್ಕದಲ್ಲಿ 25 ಕಿ.ಮೀ.ಗೆ ನೀವು ಸುಡುತ್ತಿರುವುದು ಎರಡು ಲೀಟರಿಗಿಂತ ಸ್ವಲ್ಪ ಹೆಚ್ಚು, ಹಾಗಾಗಿ ಅದರಲ್ಲಿ ಕಾಲು ಭಾಗದಷ್ಟು ನಿಂತಲ್ಲೇ ಹೋಗುತ್ತಿದೆ. ಪರೀಕ್ಷೆಯಲ್ಲೂ ಕಾರು ನಾಲ್ಕೈದು ನಿಮಿಷ ನಿಂತಿರುತ್ತದೆ ಎಂಬುದನ್ನು ಹೇಳದಿದ್ದರೆ ನ್ಯಾಯವಾಗದು. ಆದರೆ ಆ ನಿಲುಗಡೆಗೆ ಎ.ಸಿ.ಯ ಭಾರವಿಲ್ಲ, ಕಿ.ಮೀ. ಒಂದಕ್ಕೆ ಎಷ್ಟು ಹೊತ್ತು ಎಂದು ನೋಡಿದರೂ ಅದು ನಿಮ್ಮ ದಾರಿಯದಕ್ಕಿಂತ ಬಹಳ ಕಡಿಮೆ. ಉಳಿದ ಕೊರತೆಗೆ ಮತ್ತೆ ಮತ್ತೆ ಹೊರಡುವುದು, ಬ್ರೇಕ್ ಹಾಕುವುದು, ಮೊದಲ ಎರಡು ಗೇರುಗಳಲ್ಲೇ ತೆವಳುವುದು ಕಾರಣ. ಪ್ರತಿ ಬ್ರೇಕಿನಲ್ಲೂ, ಪೆಟ್ರೋಲ್ ಸುಟ್ಟು ಗಳಿಸಿದ ವೇಗವನ್ನು ಶಾಖವಾಗಿ ಚೆಲ್ಲಿಬಿಡುತ್ತೀರಿ.

ಹಾಸನದ ದಾರಿಯಲ್ಲಿ ಕಾರಣ ಬೇರೆ. ಅಲ್ಲಿ ಗಾಳಿಯೇ ಎದುರಾಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 80ರ ಬದಲು 110ರಲ್ಲಿ ಓಡಿಸಿದರೆ ಆ ತಡೆ ಹೆಚ್ಚುಕಡಿಮೆ 1.9 ಪಟ್ಟು ಆಗುತ್ತದೆ. ನೆಲಮಂಗಲ ದಾಟಿದ ಮೇಲೆ ರಸ್ತೆ ಚೆನ್ನಾಗಿದೆ ಎಂದು ನೂರರ ಮೇಲೆ ಹೋಗಿದ್ದರೆ, ಪರೀಕ್ಷೆಯಲ್ಲಿ ಆ ಕಾರು ಮುಟ್ಟಿಯೇ ಇರದ ವೇಗದಲ್ಲಿ ನೀವು ಓಡಿಸಿದ್ದೀರಿ. ಮುಂದಿನ ಸಲ 80–85ರಲ್ಲಿ ಹೋಗಿ ಬನ್ನಿ, ಮೈಲೇಜು ಏರಿದ್ದು ನಿಮಗೇ ಕಾಣುತ್ತದೆ.

ಅಳೆಯುವಾಗ ಡ್ಯಾಶ್‌ಬೋರ್ಡಿನ ಅಂಕಿಯೊಂದನ್ನೇ ನಂಬಬೇಡಿ. ಅದು ಎಷ್ಟೋ ಕಾರುಗಳಲ್ಲಿ ತುಸು ಉದಾರವಾಗಿರುತ್ತದೆ. ಒಂದೇ ಬಂಕಿನಲ್ಲಿ, ಒಂದೇ ಪಂಪಿನಲ್ಲಿ ಆಟೋ ಕಟ್ ಆಗುವವರೆಗೆ ತುಂಬಿಸಿ ಓಡೋಮೀಟರ್ ಬರೆದುಕೊಳ್ಳಿ. ‘ರೌಂಡ್ ಮಾಡಲೇ ಸಾರ್’ ಎಂದರೆ ಬೇಡ ಎನ್ನಿ. ನನ್ನ ಕಾರಿನಲ್ಲಿ ಇದಕ್ಕಾಗಿಯೇ ಒಂದು ನೋಟ್‌ಬುಕ್ ಇದೆ. ಒಂದು ಸಲದ ಲೆಕ್ಕ ಹೀಗಿದೆ: 18,240ರಲ್ಲಿ ಟ್ಯಾಂಕ್ ಫುಲ್, 18,652ರಲ್ಲಿ ಮತ್ತೆ ಫುಲ್, ಹಿಡಿದದ್ದು 31.4 ಲೀಟರ್. ಅಂದರೆ ಓಡಿದ್ದು 412 ಕಿ.ಮೀ., ಲೀಟರಿಗೆ 13.1. ಹೀಗೆ ನಾಲ್ಕೈದು ಟ್ಯಾಂಕಿನ ಲೆಕ್ಕ ಸೇರಿದ ಮೇಲೆ ಬರುವುದೇ ನಿಮ್ಮ ನಿಜವಾದ ಮೈಲೇಜು. ಅದು ತಿಂಗಳಿಂದ ತಿಂಗಳಿಗೆ ಕುಸಿಯತೊಡಗಿದರೆ ಮಾತ್ರ ಟೈರಿನ ಗಾಳಿ, ಹಿಡಿದುಕೊಂಡ ಬ್ರೇಕು, ಏರ್ ಫಿಲ್ಟರ್ ಇವನ್ನು ನೋಡಿಸಿ.

ಪ್ರಶ್ನೆ: ಬಂಕುಗಳಲ್ಲಿ ಶೇ 20ರಷ್ಟು ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಬಂದ ಮೇಲೆ ನನ್ನ ಹಳೆಯ ಕಾರು 15ರಿಂದ 12ಕ್ಕೆ ಇಳಿದಿದೆ. ಎಥೆನಾಲೇ ಕಾರಣವೇ?
– ಓದುಗರು, ದಾವಣಗೆರೆ

ಉತ್ತರ: ಸ್ವಲ್ಪ ಮಟ್ಟಿಗೆ ಹೌದು, ಪೂರ್ತಿಯಾಗಿ ಅಲ್ಲ. ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನದರ ಮೂರನೇ ಎರಡು ಭಾಗದಷ್ಟು ಮಾತ್ರ. ಶೇ 20ರಷ್ಟು ಬೆರೆಸಿದಾಗ ಲೀಟರೊಂದರ ಶಕ್ತಿ ಶುದ್ಧ ಪೆಟ್ರೋಲಿಗಿಂತ ಶೇ 6–7ರಷ್ಟು, ಹಿಂದಿನ ಇ10ಕ್ಕಿಂತ ಶೇ 3–4ರಷ್ಟು ಕಡಿಮೆಯಾಗುತ್ತದೆ. ಈ ಲೆಕ್ಕದಲ್ಲಿ ನಿಮ್ಮ 15 ಇಳಿದರೆ 14ರ ಆಸುಪಾಸಿಗೆ ಇಳಿಯಬೇಕು. 12 ಎಂದರೆ ಶೇ 20ರ ಕುಸಿತ. ಅಷ್ಟನ್ನೂ ಇಂಧನದ ಮೇಲೆ ಹೊರಿಸಿ ಸುಮ್ಮನಾದರೆ ನಿಜವಾದ ತೊಂದರೆ ಹಾಗೆಯೇ ಉಳಿದುಹೋಗುತ್ತದೆ. ಹಳೆಯ ಕಾರಿನಲ್ಲಿ ಆಕ್ಸಿಜನ್ ಸೆನ್ಸರ್, ಥರ್ಮೋಸ್ಟಾಟ್, ಸ್ಪಾರ್ಕ್ ಪ್ಲಗ್ ಇವನ್ನು ನುರಿತ ಮೆಕ್ಯಾನಿಕ್ಕಿಗೆ ತೋರಿಸಿ. ಕಾರನ್ನು ನ್ಯೂಟ್ರಲ್‌ಗೆ ತಂದು ಸಮತಟ್ಟಾದ ಜಾಗದಲ್ಲಿ ಕೈಯಿಂದ ತಳ್ಳಿ ನೋಡಿ. ಬಿಗಿಯಾಗಿ ನಿಂತರೆ ಬ್ರೇಕ್ ಹಿಡಿದುಕೊಂಡಿರಬಹುದು.

ಪ್ರಶ್ನೆ: ಅಮೆರಿಕದಲ್ಲಿರುವ ಮಗನ ಕಾರಿಗೆ, ಗಾಜಿನ ಮೇಲೆ ಅಂಟಿಸಿದ್ದ ಚೀಟಿಯಲ್ಲಿದ್ದಷ್ಟೇ ಮೈಲೇಜು ಬರುತ್ತದಂತೆ. ನಮ್ಮಲ್ಲಿ ಏಕೆ ಹಾಗಿಲ್ಲ?
– ಓದುಗರು, ಮೈಸೂರು

ಉತ್ತರ: ಅಲ್ಲಿಯೂ ಮೊದಲು ಇದೇ ದೂರಿತ್ತು. ಅದಕ್ಕಾಗಿ ಅಲ್ಲಿನ ಪರಿಸರ ಸಂಸ್ಥೆಯು 1985ರ ಮಾದರಿಗಳಿಂದ ಪ್ರಯೋಗಾಲಯದ ಅಂಕಿಯಲ್ಲಿ ನಗರದ್ದಕ್ಕೆ ಶೇ 10, ಹೆದ್ದಾರಿಯದ್ದಕ್ಕೆ ಶೇ 22 ಕಡಿತ ಮಾಡಿ ಚೀಟಿಯಲ್ಲಿ ಮುದ್ರಿಸತೊಡಗಿತು. 2008ರ ಮಾದರಿಗಳಿಂದ ಇನ್ನೂ ಮೂರು ಪರೀಕ್ಷೆಗಳು ಲೆಕ್ಕಕ್ಕೆ ಸೇರಿದವು: ಅತಿ ವೇಗ ಹಾಗೂ ರಭಸದ ಚಾಲನೆಯದು, 35 ಡಿಗ್ರಿ ಸೆಖೆಯಲ್ಲಿ ಎ.ಸಿ. ಹಾಕಿ ಓಡಿಸುವುದು, ಸೊನ್ನೆಗಿಂತ 7 ಡಿಗ್ರಿ ಕೆಳಗಿನ ಚಳಿಯಲ್ಲಿ ಓಡಿಸುವುದು. ಯುರೋಪ್ ಕೂಡ, ನಮ್ಮ ಪರೀಕ್ಷೆಗೆ ಮೂಲವಾದ ತನ್ನ ಹಳೆಯ ವಿಧಾನವನ್ನು 2017ರಿಂದ ಬಿಡುತ್ತ ಬಂದು, 1800 ಸೆಕೆಂಡುಗಳ, 23 ಕಿ.ಮೀ.ಗೂ ಹೆಚ್ಚು ದೂರದ, 131 ಕಿ.ಮೀ. ವೇಗ ಮುಟ್ಟುವ ಪರೀಕ್ಷೆಗೆ ಹೋಯಿತು. ನಮ್ಮಲ್ಲಿ ಊರಿನ ಭಾಗ ಮತ್ತು ಹೊರದಾರಿಯ ಭಾಗ ಒಂದೇ ಪರೀಕ್ಷೆಯಲ್ಲಿ ಬೇರೆಬೇರೆಯಾಗಿಯೇ ಇವೆ. ಗ್ರಾಹಕರಿಗೆ ಸಿಗುವುದು ಮಾತ್ರ ಎರಡನ್ನೂ ಬೆರೆಸಿದ ಒಂದೇ ಅಂಕಿ. ಎರಡನ್ನೂ ಪ್ರತ್ಯೇಕವಾಗಿ ಮುದ್ರಿಸಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ಅಲ್ಲಿಯವರೆಗೆ ಆ ಅಂಕಿಯನ್ನು ಎರಡು ಕಾರುಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಲು ಬಳಸಿ. ತಿಂಗಳ ಪೆಟ್ರೋಲಿನ ಬಜೆಟ್ ಹಾಕಲು ಬಳಸಬೇಡಿ.

ಪ್ರಶ್ನೆ: ಊರಲ್ಲಿ 12, ಹೆದ್ದಾರಿಯಲ್ಲಿ 18 ಬಂದರೆ ಸರಾಸರಿ 15 ಎನ್ನಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಎರಡೂ ಕಡೆ ಒಂದೇ ದೂರ ಓಡಿಸಿದ್ದರೆ ಹಾಗೆ ಹೇಳಲಾಗದು. ತಲಾ 300 ಕಿ.ಮೀ. ಓಡಿಸಿದಿರಿ ಎನ್ನಿ. ಊರಲ್ಲಿ 25 ಲೀಟರ್, ಹೆದ್ದಾರಿಯಲ್ಲಿ 16.7 ಲೀಟರ್, ಒಟ್ಟು 41.7 ಲೀಟರ್ ಖರ್ಚಾಗುತ್ತದೆ. 600 ಕಿ.ಮೀ.ಯನ್ನು ಅದರಿಂದ ಭಾಗಿಸಿದರೆ 14.4 ಬರುತ್ತದೆ.