ನೂರರವರೆಗೆ ಹೇಳುತ್ತಾಳೆ, ಐದು ಉಳ್ಳಾಗಡ್ಡಿ ತರಲ್ಲ

ಪ್ರಶ್ನೆ: ಮಗಳಿಗೆ ನಾಲ್ಕು ವರ್ಷ. ನೂರರವರೆಗೆ ಗಡಗಡ ಹೇಳುತ್ತಾಳೆ. ಬುಟ್ಟಿಯಿಂದ ಐದು ಉಳ್ಳಾಗಡ್ಡಿ ತಾ ಅಂದರೆ ಕೈಗೆ ಸಿಕ್ಕಷ್ಟು ತರುತ್ತಾಳೆ. ಬುದ್ಧಿ ಕಡಿಮೆಯಾ? (ಸಿಂಧನೂರಿನ ತಾಯಿ)

ಉತ್ತರ: ಈ ಪ್ರಶ್ನೆ ಮೇಲಿಂದ ಮೇಲೆ ಬರುತ್ತದೆ, ಆ ‘ಬುದ್ಧಿ ಕಡಿಮೆಯಾ’ ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮಗುವಿಗೆ ಏನೂ ಆಗಿಲ್ಲ ತಂಗೀ. ನೂರರವರೆಗೆ ಹೇಳುವುದು ಹಾಡು ಬಾಯಿಪಾಠ ಮಾಡಿದ ಹಾಗೆ. ಎಣಿಸುವಾಗ ಕೊನೆಗೆ ಹೇಳಿದ ‘ಐದು’ ಇಡೀ ಗುಂಪಿನ ಲೆಕ್ಕ ಅಂತ ತಿಳಿಯಲು ಹೆಚ್ಚಿನ ಮಕ್ಕಳಿಗೆ ನಾಲ್ಕರ ಆಸುಪಾಸು ಆಗಬೇಕು, ಕೆಲವರಿಗೆ ಇನ್ನೂ ತಡ. ‘ಒಂದು ಕೊಡು’ ಅಂದರೆ ಸರಿಯಾಗಿ ಕೊಡುವ ಮಗು ‘ಎರಡು ಕೊಡು’ಗೆ ಬರಲು ತಿಂಗಳುಗಟ್ಟಲೆ ಹಿಡಿಯಬಹುದು.

ಹಾಗಾಗಿ ಐದನ್ನು ಸದ್ಯ ಬಿಡಿ, ಎರಡರಿಂದ ಶುರು ಮಾಡಿ. ಸಂಜೆ ಮಿರ್ಚಿ ಮಂಡಕ್ಕಿ ಮಾಡುತ್ತೀರಲ್ವಾ? ತಟ್ಟೆಗೊಂದು ಮಿರ್ಚಿ ಅವಳೇ ಇಡಲಿ. ಒಂದು ತಟ್ಟೆ ಖಾಲಿ ಉಳಿದರೆ ನೀವು ಬಾಯಿ ಬಿಡಬೇಡಿ. ಅವಳೇ ತಟ್ಟೆ ನೋಡಿ, ನಿಮ್ಮ ಮುಖ ನೋಡಿ, ‘ಅವ್ವಾ, ಇನ್ನೊಂದು ಬೇಕು’ ಅನ್ನುವವರೆಗೆ ಕಾಯಿರಿ. ನೂರು ಸಲ ಬರೆಸಿದರೂ ಇದು ಬರಲ್ಲ. ಆಮೇಲೆ ಮೂರು ಚಮಚ, ಮೂರು ಚಪ್ಪಲಿ, ಮೂರು ಬದನೆಕಾಯಿ ಗುಂಪು ಗುಂಪಾಗಿ ಇಟ್ಟು, ಈ ಗುಂಪುಗಳಲ್ಲಿ ಒಂದೇ ಥರ ಏನಿದೆ ಅಂತ ಕೇಳಿ.

ಐದು ಶೇಂಗಾ ಸಾಲಾಗಿ ಇಟ್ಟು, ಅವಳ ಎದುರೇ ಸಾಲನ್ನು ಸ್ವಲ್ಪ ಅಗಲ ಮಾಡಿದರೆ ‘ಈಗ ಜಾಸ್ತಿ’ ಅನ್ನುತ್ತಾಳೆ. ಬೈಯಬೇಡಿ. ಆರೇಳು ವರ್ಷದವರೆಗೂ ಎಷ್ಟೋ ಮಕ್ಕಳು ಉದ್ದ ನೋಡಿಯೇ ಹೇಳುವುದು, ಸ್ವಿಸ್ ಮನೋವಿಜ್ಞಾನಿ ಪಿಯಾಜೆ ಇದನ್ನು ತೋರಿಸಿ ದಶಕಗಳೇ ಆದವು.

ಒಂದು ಮಾತು ಮರೆಯಬೇಡಿ. ಮನೆಯಲ್ಲಿ ನಾಲ್ಕು ವರ್ಷದೊಳಗಿನ ಕೂಸಿದ್ದರೆ ಶೇಂಗಾ, ಹುಣಸೆ ಬೀಜ ನೆಲದ ಮೇಲೆ ಬೇಡವೇ ಬೇಡ. ಉಸಿರುನಾಳಕ್ಕೆ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಈ ವಿಷಯದಲ್ಲಿ ನಾನು ಜಾಸ್ತಿ ಹೆದರುವವಳು, ಇರಲಿ.

ಪ್ರಶ್ನೆ: ಮೂರು ವರ್ಷಕ್ಕೇ ಅಬಾಕಸ್ ಕ್ಲಾಸಿಗೆ ಹಾಕಲಾ? (ಗಂಗಾವತಿ)

ಬೇಡ.

ಪ್ರಶ್ನೆ: ಲೆಕ್ಕ ಚುರುಕಾಗಲು ನೆನಪಿನ ಪುಡಿ ಕೊಡಬಹುದಾ? (ಹೊಸಪೇಟೆ ಕಡೆಯಿಂದ)

ಯಾವ ಪುಡಿಯೂ ಲೆಕ್ಕ ಕಲಿಸಲ್ಲ. ಮಾರಲು ಬಂದವನನ್ನು ಬಾಗಿಲಲ್ಲೇ ವಾಪಸ್ ಕಳಿಸಿ, ಆ ದುಡ್ಡಿಗೆ ಹಣ್ಣು ತನ್ನಿ.

ಪ್ರಶ್ನೆ: ಸೊನ್ನೆ ಯಾವಾಗ ಕಲಿಸಬೇಕು? (ಮಾನ್ವಿ)

ತಂದ ಹಣ್ಣನ್ನು ಒಂದೊಂದಾಗಿ ತಿಂದು ಮುಗಿಸಿದ ಮೇಲೆ, ‘ಬುಟ್ಟಿಯಲ್ಲಿ ಈಗ ಎಷ್ಟಿವೆ?’ ಅಂತ ಕೇಳಿ. ‘ಏನೂ ಇಲ್ಲ’ ಅಂದರೆ ಸಾಕು, ಹೆಸರು ಆಮೇಲೆ ಹೇಳಿಕೊಡಿ.