ಗಾಂಜಾದ ಘಮದಲ್ಲಿ ಔಷಧ ಎಷ್ಟು? ಟರ್ಪೀನ್ ಕುರಿತ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನರದ ನೋವಿಗೆಂದು ಅಮ್ಮನಿಗೆ ವೈದ್ಯರು ಔಷಧ ಗಾಂಜಾದ ಒಣಹೂವನ್ನು ಬರೆದುಕೊಟ್ಟಿದ್ದಾರೆ, ವೇಪರೈಸರ್‌ನಲ್ಲಿ (ಸುಡದೆ ಬಿಸಿಮಾಡಿ ಆವಿ ತೆಗೆಯುವ ಉಪಕರಣ) ಎಳೆಯಲು. ಡಬ್ಬಿಯ ಮೇಲೆ ಟಿಎಚ್‌ಸಿ (ಗಾಂಜಾದ ಅಮಲೇರಿಸುವ ಅಂಶ) 18% ಎಂದಿದೆ. ಅದರ ಕೆಳಗೆ ಮಿರ್ಸೀನ್ 0.7%, ಲಿಮೊನೀನ್ 0.4%, ಕ್ಯಾರಿಯೊಫಿಲೀನ್ 0.4%, ಲಿನಲೂಲ್ 0.1% ಎಂದು ಟರ್ಪೀನ್‌ಗಳ, ಅಂದರೆ ಗಿಡಕ್ಕೆ ಘಮ ಕೊಡುವ ಸಂಯುಕ್ತಗಳ, ಪಟ್ಟಿ ಇದೆ. 'ಮಿರ್ಸೀನ್ ಜಾಸ್ತಿ ಇರುವುದು ನಿದ್ದೆಗೆ, ಲಿಮೊನೀನ್ ಇರುವುದು ಉಲ್ಲಾಸಕ್ಕೆ' ಅಂತ ಮಾರುವವರು ಹೇಳುತ್ತಾರೆ. ಇದನ್ನು ಎಷ್ಟು ನಂಬಬೇಕು?

ಉತ್ತರ: ಅಂಕಿಗಳನ್ನು ನಂಬಬಹುದು. ಅವುಗಳ ಜತೆಗೆ ಬರುವ ಮಾತನ್ನು ಮಾತ್ರ ಮಿಲಿಗ್ರಾಂಗೆ ಇಳಿಸಿ ನೋಡಬೇಕು.

ಅಮ್ಮ ಒಂದು ಸಲಕ್ಕೆ 100 ಮಿಲಿಗ್ರಾಂ ಹೂ ಬಳಸುತ್ತಾರೆ ಎಂದುಕೊಳ್ಳಿ. ಶೇಕಡಾ 18ರ ಲೆಕ್ಕಕ್ಕೆ ಅದರಲ್ಲಿ 18 ಮಿಲಿಗ್ರಾಂ ಟಿಎಚ್‌ಸಿ ಇರುತ್ತದೆ. ಮಿರ್ಸೀನ್ 0.7 ಮಿಲಿಗ್ರಾಂ, ಲಿಮೊನೀನ್ 0.4, ಲಿನಲೂಲ್ 0.1. ಇದು ಹೂವಿನಲ್ಲಿರುವ ಪ್ರಮಾಣ. ಶ್ವಾಸಕೋಶದವರೆಗೆ ತಲುಪುವುದು ಇನ್ನೂ ಕಡಿಮೆ.

ಮಿರ್ಸೀನ್ ನಿದ್ದೆ ತರುತ್ತದೆ ಎಂಬ ಮಾತಿನ ಬೇರು ಇಲಿಗಳ ಮೇಲಿನ ಪ್ರಯೋಗದಲ್ಲಿದೆ. ಅಲ್ಲಿ ಕೊಟ್ಟದ್ದು ದೇಹತೂಕದ ಪ್ರತಿ ಕಿಲೋಗೆ 200 ಮಿಲಿಗ್ರಾಂ, ಅದೂ ಹೊಟ್ಟೆಗೆ ಚುಚ್ಚುಮದ್ದಾಗಿ, ನಿದ್ದೆಯ ಔಷಧದ ಜತೆಗೆ. ಇಲಿಯ ಪ್ರಮಾಣವನ್ನು ಮನುಷ್ಯರಿಗೆ ಹೊಂದಿಸಲು ಔಷಧಶಾಸ್ತ್ರದಲ್ಲಿ ಅದನ್ನು ಸುಮಾರು 12ರಿಂದ ಭಾಗಿಸುವ ರೂಢಿ ಇದೆ. ಹಾಗೆ ಮಾಡಿದರೂ 60 ಕಿಲೋ ತೂಕದವರಿಗೆ ಹತ್ತಿರಹತ್ತಿರ ಒಂದು ಗ್ರಾಂ ಬೇಕಾಗುತ್ತದೆ. ಅಮ್ಮನ ಪಾಲಿಗೆ ಸಿಗುವುದು ಒಂದು ಮಿಲಿಗ್ರಾಂ ಕೂಡ ಅಲ್ಲ. ಸಾವಿರಪಟ್ಟು ಅಂತರವನ್ನು ಹಾರಿ ನಿಂತ ಮಾತು ಅದು. ಹೂ ಎಳೆದ ಮೇಲೆ ಅವರಿಗೆ ನಿದ್ದೆ ಬರುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು 18 ಮಿಲಿಗ್ರಾಂ ಟಿಎಚ್‌ಸಿಯನ್ನು.

ಲಿಮೊನೀನ್ ವಿಷಯ ಸ್ವಲ್ಪ ಬೇರೆ. ಮನುಷ್ಯರ ಮೇಲೆ, ಯಾರಿಗೆ ಏನು ಕೊಟ್ಟಿದೆ ಎಂದು ಗೊತ್ತಾಗದಂತೆ ನಡೆಸಿದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ಆವಿಯಾಗಿ ಎಳೆದ 30 ಮಿಲಿಗ್ರಾಂ ಟಿಎಚ್‌ಸಿ ಜತೆಗೆ 15 ಮಿಲಿಗ್ರಾಂ ಲಿಮೊನೀನ್ ಸೇರಿಸಿದಾಗ ಟಿಎಚ್‌ಸಿ ಹುಟ್ಟಿಸುವ ಕಳವಳ, ಅನುಮಾನ ಕಡಿಮೆಯಾದವು. ಲಿಮೊನೀನ್ ಒಂದನ್ನೇ ಕೊಟ್ಟಾಗ ಹುಸಿಮದ್ದಿಗಿಂತ ಏನೂ ವ್ಯತ್ಯಾಸವಿರಲಿಲ್ಲ. ಭಾಗವಹಿಸಿದವರು 20 ಜನ. ಆ ದೊಡ್ಡ ಪ್ರಮಾಣ ಸಿಕ್ಕಿದ್ದು ಅವರಲ್ಲೂ ಕೆಲವರಿಗೆ ಮಾತ್ರ. ಫಲಿತಾಂಶ ನಿಜಕ್ಕೂ ಕುತೂಹಲ ಹುಟ್ಟಿಸುವಂಥದ್ದು. ಆದರೆ ಅಲ್ಲಿ ಎರಡು ಪಾಲು ಟಿಎಚ್‌ಸಿಗೆ ಒಂದು ಪಾಲು ಲಿಮೊನೀನ್ ಇತ್ತು, ನಿಮ್ಮ ಡಬ್ಬಿಯಲ್ಲಿ 45ಕ್ಕೆ ಒಂದು. ಆ ಅಧ್ಯಯನವನ್ನು ತೋರಿಸಿ ಈ ಹೂವನ್ನು ಮಾರುವುದು ಸರಿಯಲ್ಲ.

ಲಿನಲೂಲ್‌ಗೂ ಇದೇ ಅಳತೆ. ಲ್ಯಾವೆಂಡರ್ ಎಣ್ಣೆಯ 80 ಮಿಲಿಗ್ರಾಂ ಕ್ಯಾಪ್ಸೂಲ್ ಜರ್ಮನಿಯಲ್ಲಿ ಕಳವಳಕ್ಕೆ ಔಷಧವಾಗಿಯೇ ಇದೆ. ಅದರ ಮುಖ್ಯ ಅಂಶಗಳು ಲಿನಲೂಲ್ ಮತ್ತು ಅದರ ಅಸಿಟೇಟ್. ಅದರ ಮುಂದೆ 0.1 ಮಿಲಿಗ್ರಾಂ ಯಾವ ಲೆಕ್ಕ?

ಪಟ್ಟಿಯಲ್ಲಿ ನನಗೆ ಹೆಚ್ಚು ಗೌರವ ಇರುವುದು ಬೀಟಾ-ಕ್ಯಾರಿಯೊಫಿಲೀನ್ ಮೇಲೆ. ಕಾಳುಮೆಣಸು, ಲವಂಗದಲ್ಲೂ ಇರುವ ಇದು ದೇಹದ ಸಿಬಿ2 ಗ್ರಾಹಕಕ್ಕೆ (ಕೋಶದ ಮೇಲೆ ಸಂಕೇತ ಪಡೆಯುವ ಪ್ರೋಟೀನ್) ನೇರವಾಗಿ ಅಂಟುತ್ತದೆ ಎಂದು 2008ರಲ್ಲಿ ತೋರಿಸಲಾಯಿತು. ಸಿಬಿ2 ಹೆಚ್ಚಾಗಿ ರೋಗನಿರೋಧಕ ಕೋಶಗಳಲ್ಲಿದ್ದು ಉರಿಯೂತದ ಜತೆ ಸಂಬಂಧ ಹೊಂದಿದೆ. ಅಮಲು ಬರುವುದು ಸಿಬಿ1 ಎಂಬ ಇನ್ನೊಂದು ಗ್ರಾಹಕದಿಂದ. ಹಾಗಾಗಿ ಕ್ಯಾರಿಯೊಫಿಲೀನ್ ಅಮಲೇರಿಸುವುದಿಲ್ಲ. ಇಲಿಗಳಲ್ಲಿ ಬಾಯಿಂದ ಕೊಟ್ಟ, ಪ್ರತಿ ಕಿಲೋಗೆ 5 ಮಿಲಿಗ್ರಾಂನಷ್ಟು ಸಣ್ಣ ಪ್ರಮಾಣವೇ ಊತವನ್ನು ತಗ್ಗಿಸಿತು. ಹಾಗೆಂದು ಅಮ್ಮನ ನರದ ನೋವಿಗೆ 0.4 ಮಿಲಿಗ್ರಾಂ ಸಾಕು ಎಂದು ಇದರಿಂದ ಹೇಳಲು ಬರುವುದಿಲ್ಲ.

'ಎಲ್ಲ ಸೇರಿದರೆ ಬಲ ಹೆಚ್ಚು' ಎಂಬ ಪರಿವಾರ ಪರಿಣಾಮದ ವಾದವನ್ನೂ ನೀವು ಕೇಳಿರುತ್ತೀರಿ. ಆ ಹೆಸರು 1998ರಲ್ಲಿ ಹುಟ್ಟಿದ್ದು ದೇಹವೇ ತಯಾರಿಸುವ ಕ್ಯಾನಬಿನಾಯ್ಡ್‌ಗಳ (ಟಿಎಚ್‌ಸಿಯ ಬಗೆಯ ಸಂಯುಕ್ತಗಳು) ಬಗ್ಗೆ. ಗಾಂಜಾದ ಟರ್ಪೀನ್‌ಗಳಿಗೆ ಅದನ್ನು ವಿಸ್ತರಿಸಿದ ಪ್ರಮುಖ ವಿಮರ್ಶೆ ಬಂದದ್ದು 2011ರಲ್ಲಿ, ಊಹೆಯ ರೂಪದಲ್ಲಿ. 2019ರಲ್ಲಿ ಕೋಶಗಳ ಮೇಲೆ ಪರೀಕ್ಷಿಸಿದಾಗ ಸಾಮಾನ್ಯ ಟರ್ಪೀನ್‌ಗಳು ಟಿಎಚ್‌ಸಿಯ ಕೆಲಸವನ್ನು ಬದಲಿಸಲಿಲ್ಲ. 2021ರ ಇಲಿಗಳ ಪ್ರಯೋಗದಲ್ಲಿ ಕೆಲವು ಟರ್ಪೀನ್‌ಗಳ ಪರಿಣಾಮ ಕ್ಯಾನಬಿನಾಯ್ಡ್ ಜತೆ ಕೂಡಿಕೊಂಡಿತು, ಪ್ರಮಾಣ ಮತ್ತೆ ಭಾರೀ. ವಾದ ಇನ್ನೂ ಮುಗಿದಿಲ್ಲ. ಮಾರಾಟದವರ ಬಾಯಲ್ಲಿ ಮಾತ್ರ ಮುಗಿದಿದೆ.

ಹಾಗಾದರೆ ಪಟ್ಟಿ ಯಾತಕ್ಕೆ? ಗುರುತಿಗೆ. ಹಿಂದಿನ ಡಬ್ಬಿ ಅಮ್ಮನಿಗೆ ಹೊಂದಿತ್ತು, ಅದೇ ಹೆಸರಿನ ಹೊಸದು ಹೊಂದಲಿಲ್ಲ ಎಂದಾದರೆ ಎರಡರ ಟಿಎಚ್‌ಸಿ, ಸಿಬಿಡಿ (ಗಾಂಜಾದ ಅಮಲೇರಿಸದ ಇನ್ನೊಂದು ಅಂಶ) ಮತ್ತು ಮೊದಲ ಮೂರು ಟರ್ಪೀನ್‌ಗಳನ್ನು ಹೋಲಿಸಿ. ಸರಕು ಬದಲಾಗಿರುವುದು ಅಲ್ಲೇ ಕಾಣುತ್ತದೆ. 'ಇಂಡಿಕಾ', 'ಸಟೈವಾ' ಎಂಬ ತಳಿಯ ಹಣೆಪಟ್ಟಿಗಿಂತ ಇದು ಹೆಚ್ಚು ಭರವಸೆಯದು. ಒಂದು ಪುಸ್ತಕದಲ್ಲಿ ತಾರೀಖು, ಡಬ್ಬಿಯ ಬ್ಯಾಚ್ ಸಂಖ್ಯೆ, ಎಷ್ಟು ಮಿಲಿಗ್ರಾಂ ಹೂ, ಎಳೆಯುವ ಮೊದಲು ಮತ್ತು ಒಂದು ಗಂಟೆ ಬಳಿಕ ಹತ್ತಕ್ಕೆ ನೋವು ಎಷ್ಟು, ತಲೆಸುತ್ತು ಬಂತೇ, ಇಷ್ಟನ್ನು ಬರೆದಿಡಿ. ವೈದ್ಯರು ಪ್ರಮಾಣ ಬದಲಿಸುವಾಗ ಟರ್ಪೀನ್ ಪಟ್ಟಿಗಿಂತ ಈ ಪುಟ ಅವರಿಗೆ ಹೆಚ್ಚು ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ವೇಪರೈಸರ್‌ಗೆ ಯಾವ ಉಷ್ಣತೆ ಇಡಬೇಕು? ನನ್ನ ಬಳಿ ಇರುವ ಕೋಷ್ಟಕದಲ್ಲಿ ಹ್ಯೂಮುಲೀನ್ 106, ಕ್ಯಾರಿಯೊಫಿಲೀನ್ 130, ಟಿಎಚ್‌ಸಿ 157, ಮಿರ್ಸೀನ್ 167 ಡಿಗ್ರಿ ಸೆಲ್ಸಿಯಸ್ ಎಂದಿದೆ. ಒಂದೊಂದೇ ಟರ್ಪೀನ್ ಬೇರೆ ಮಾಡಿ ಎಳೆಯಬಹುದೇ?

ಉತ್ತರ: ಆ ಕೋಷ್ಟಕವನ್ನು ಹರಿದು ಹಾಕಿ. ಅದರಲ್ಲಿ ಎರಡು ಬಗೆಯ ಅಂಕಿಗಳು ಕಲಸಿಹೋಗಿವೆ. ಮಿರ್ಸೀನ್‌ನ 167 ಸರಿಯಾದ ಕುದಿಬಿಂದು. ಉಳಿದ ಮೂರು, ಪ್ರಯೋಗಾಲಯದಲ್ಲಿ ಗಾಳಿಯನ್ನು ಹೀರಿ ತೆಗೆದು, ಬಹಳ ಕಡಿಮೆ ಒತ್ತಡದಲ್ಲಿ ಅಳೆದವು. ಪುಸ್ತಕದಲ್ಲಿ ಪಕ್ಕದಲ್ಲೇ ಇದ್ದ ಒತ್ತಡದ ಸಂಖ್ಯೆ ನಕಲು ಮಾಡುವಾಗ ಬಿಟ್ಟುಹೋಗಿದೆ. ಸಾಮಾನ್ಯ ಗಾಳಿಯ ಒತ್ತಡದಲ್ಲಿ ಕ್ಯಾರಿಯೊಫಿಲೀನ್, ಹ್ಯೂಮುಲೀನ್ ಕುದಿಯುವುದು 250 ಡಿಗ್ರಿ ದಾಟಿದ ಮೇಲೆ. ಹತ್ತು ಇಂಗಾಲದ ಪರಮಾಣುಗಳ ಮಿರ್ಸೀನ್‌ಗಿಂತ ಹದಿನೈದು ಪರಮಾಣುಗಳ ಹ್ಯೂಮುಲೀನ್ ಬೇಗ ಕುದಿಯುತ್ತದೆ ಎಂದರೆ ರಸಾಯನಶಾಸ್ತ್ರ ಓದಿದ ಯಾರಿಗಾದರೂ ಅನುಮಾನ ಬರಬೇಕಿತ್ತು!

ಅದೂ ಅಲ್ಲದೆ ಆವಿಯಾಗಲು ಕುದಿಯಲೇಬೇಕೆಂದಿಲ್ಲ. ಹಗ್ಗದ ಮೇಲಿನ ಒದ್ದೆ ಬಟ್ಟೆ ಒಣಗಲು ನೀರು 100 ಡಿಗ್ರಿ ಮುಟ್ಟಬೇಕೇ? ಬಿಸಿಗಾಳಿ ಹಾಯುವಾಗ ಎಲ್ಲವೂ ಒಟ್ಟಿಗೆ, ಬೇರೆ ಬೇರೆ ವೇಗದಲ್ಲಿ ಹೊರಡುತ್ತವೆ. ಹಗುರವಾದ ಪೈನೀನ್, ಮಿರ್ಸೀನ್, ಲಿಮೊನೀನ್ ಮೊದಲೆರಡು ಎಳೆತದಲ್ಲೇ ಹೆಚ್ಚಾಗಿ ಬರುತ್ತವೆ, ಕ್ಯಾನಬಿನಾಯ್ಡ್‌ಗಳು ನಿಧಾನ. ಒಂದೊಂದನ್ನೇ ಬೇರೆ ಮಾಡಲು ಆಗುವುದಿಲ್ಲ.

ಹೂವನ್ನು ಬಳಸುವ ಹೊತ್ತಿಗೇ ಪುಡಿಮಾಡಿ, ಹಿಟ್ಟಾಗದಂತೆ, ಕಡಿಯಾಗಿ. ತುಂಬುವಾಗ ಒತ್ತಬೇಡಿ. ಒತ್ತಿದರೆ ಗಾಳಿ ನಡುವೆ ಹಾಯದೆ ಅಂಚು ಸೀಯುತ್ತದೆ, ಒಳಗಿನದು ಹಸಿರಾಗಿಯೇ ಉಳಿಯುತ್ತದೆ. 175–180 ಡಿಗ್ರಿಯಲ್ಲಿ ಶುರುಮಾಡಿ ಒಂದೆರಡು ನಿಧಾನದ ಎಳೆತ, ಆಮೇಲೆ 10–15 ನಿಮಿಷ ಕಾಯುವುದು. ಸಾಲದಿದ್ದರೆ 190–200ಕ್ಕೆ ಏರಿಸಿ ಮತ್ತೆ ಒಂದು. 210 ದಾಟಬೇಡಿ. ಉಪಕರಣದ ಪರದೆಯ ಮೇಲಿನ ಸಂಖ್ಯೆ ಒಳಗಿನ ತಾಪಕ ಸುರುಳಿಯ ಬಿಸಿ, ಹೂವಿನದಲ್ಲ. ಉಪಕರಣದಿಂದ ಉಪಕರಣಕ್ಕೆ ವ್ಯತ್ಯಾಸ ಇರುತ್ತದೆ. ಉಳಿದ ಚರಟ ಕಂದುಬಣ್ಣಕ್ಕಿದ್ದರೆ ಸರಿ. ಕಪ್ಪಾಗಿದ್ದರೆ ನೀವು ಹೊಗೆ ಎಳೆದಿದ್ದೀರಿ. ಟರ್ಪೀನ್‌ಗಳು ವಿಪರೀತ ಬಿಸಿಯಲ್ಲಿ ಒಡೆದಾಗ ಮೆಥಾಕ್ರೋಲೀನ್, ಬೆಂಜೀನ್‌ನಂಥ ವಿಷಗಳು ಹುಟ್ಟುತ್ತವೆ. ಕಾಯ್ದ ಲೋಹದ ಮೇಲೆ ಸಾಂದ್ರ ಸಾರವನ್ನು ಇಟ್ಟು ಎಳೆಯುವುದು ಅಪಾಯವಾಗುವುದು ಇದಕ್ಕೂ.

ಪ್ರಶ್ನೆ: ಡಬ್ಬಿ ತೆರೆದಾಗ ಇದ್ದ ಘಾಟು ಎರಡು ತಿಂಗಳಲ್ಲಿ ಹೋಗಿಬಿಟ್ಟಿದೆ. ಮದ್ದಿನ ಗುಣವೂ ಹೋಯಿತೇ?

ಉತ್ತರ: ಘಮ ಹೋಗುವಷ್ಟು ಬೇಗ ಟಿಎಚ್‌ಸಿ ಹೋಗುವುದಿಲ್ಲ. 1996ರಲ್ಲಿ ಪ್ರಕಟವಾದ ಅಳತೆಯ ಪ್ರಕಾರ ಹಸಿ ಹೂವಿನಲ್ಲಿ 0.29% ಇದ್ದ ಸುಗಂಧ ತೈಲ, ಕೋಣೆಯ ಉಷ್ಣತೆಯಲ್ಲಿ ಒಂದು ವಾರಕ್ಕೆ 0.20%, ಮೂರು ತಿಂಗಳಿಗೆ 0.13%ಕ್ಕೆ ಇಳಿಯಿತು. ಅದರಲ್ಲೂ ಹಗುರವಾದ ಮಾನೊಟರ್ಪೀನ್‌ಗಳ (ಮಿರ್ಸೀನ್, ಲಿಮೊನೀನ್‌ನಂಥವು) ಪಾಲು 92%ರಿಂದ 62%ಕ್ಕೆ ಕುಸಿಯಿತು. ಭಾರವಾದ ಕ್ಯಾರಿಯೊಫಿಲೀನ್ ಗುಂಪು ಉಳಿದುಕೊಳ್ಳುವುದರಿಂದ ಹಳೆಯ ಹೂ ಖಾರದ, ಮರದ ವಾಸನೆಗೆ ತಿರುಗುತ್ತದೆ. ಅಂದಹಾಗೆ, ಮೂಗಿಗೆ ಹೊಡೆಯುವ ಆ ಘಾಟಿಗೆ ಮುಖ್ಯ ಕಾರಣ ಟರ್ಪೀನ್ ಅಲ್ಲವೇ ಅಲ್ಲ. ಅತ್ಯಲ್ಪ ಪ್ರಮಾಣದ ಗಂಧಕದ ಸಂಯುಕ್ತಗಳು ಎಂದು 2021ರಲ್ಲಿ ಗೊತ್ತಾಯಿತು. ಅವೂ ಬೇಗ ಹಾರುತ್ತವೆ. ಘಾಟು ನೋಡಿ ಬಲ ಅಳೆಯಲು ಹೋಗಬೇಡಿ.

ಗಾಜಿನ ಬಾಟಲಿ, ಬಿಗಿ ಮುಚ್ಚಳ, ಕತ್ತಲು, 20 ಡಿಗ್ರಿಗಿಂತ ತಂಪು. ತಿಂಗಳಿನದನ್ನು ದೊಡ್ಡ ಬಾಟಲಿಯಲ್ಲಿ ಇಟ್ಟು ದಿನಾ ತೆರೆಯುವ ಬದಲು ವಾರಕ್ಕಾಗುವಷ್ಟನ್ನು ಸಣ್ಣದರಲ್ಲಿ ತೆಗೆದಿಟ್ಟುಕೊಳ್ಳಿ. ಫ್ರೀಜರ್ ಬೇಡ: ರಾಳ ತುಂಬಿದ ಗ್ರಂಥಿರೋಮಗಳು ಗಡುಸಾಗಿ ಉದುರಿ ತಳಕ್ಕೆ ಸೇರುತ್ತವೆ. ಬಾಟಲಿಯೊಳಗಿನ ತೇವಾಂಶ 55–62% ಇರಲಿ, 65 ದಾಟಿದರೆ ಬೂಷ್ಟಿನ ಭಯ. ಕೀಮೋಥೆರಪಿಯಲ್ಲಿರುವವರು, ಅಂಗ ಕಸಿ ಮಾಡಿಸಿಕೊಂಡವರು ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಆಸ್ಪರ್ಜಿಲಸ್ ಬೂಷ್ಟಿನ ಬೀಜಕಗಳು ಅವರ ಶ್ವಾಸಕೋಶದಲ್ಲಿ ಪ್ರಾಣಕ್ಕೇ ಎರವಾಗಬಹುದು. ವಿಕಿರಣದಿಂದ ಶುದ್ಧಗೊಳಿಸಿದ ಹೂ ಸಿಗುತ್ತದೆಯೇ ಕೇಳಿ; ಅದರಲ್ಲಿ ಕೆಲವು ಟರ್ಪೀನ್ ಸ್ವಲ್ಪ ಇಳಿಯುತ್ತವೆ, ಇಳಿಯಲಿ ಬಿಡಿ.

ಪ್ರಶ್ನೆ: ಮಾವಿನಹಣ್ಣು ತಿಂದರೆ ಪರಿಣಾಮ ಹೆಚ್ಚುತ್ತದೆ, ಕಳವಳವಾದರೆ ಕಾಳುಮೆಣಸು ಅಗಿಯಬೇಕು ಅನ್ನುತ್ತಾರೆ. ನಿಜವೇ?

ಉತ್ತರ: ಮಾವಿನ ಮಾತು ಬಿಡಿ. ಹಣ್ಣಿನಲ್ಲಿರುವ ಮಿರ್ಸೀನ್ ತೀರಾ ಅತ್ಯಲ್ಪ, ತಳಿಯಿಂದ ತಳಿಗೆ ಬೇರೆ. ಮೆಣಸು ಅಗಿದರೆ ನಷ್ಟವಿಲ್ಲ, ಗಮನ ಬೇರೆಡೆ ಹೋಗುವುದೇ ಲಾಭವಿರಬಹುದು. ಎದೆಬಡಿತ ಏರಿದೆ, ಗಾಬರಿ ಇಳಿಯುತ್ತಿಲ್ಲ ಎಂದಾದರೆ ಮುಂದಿನ ಸಲಕ್ಕೆ ಟಿಎಚ್‌ಸಿ ಪ್ರಮಾಣ ಇಳಿಸುವ ಬಗ್ಗೆ ವೈದ್ಯರೊಂದಿಗೆ ಮಾತಾಡಿ. ಎದೆನೋವು, ಪ್ರಜ್ಞೆ ತಪ್ಪುವಿಕೆ, ಇಲ್ಲದ್ದು ಕಾಣುವುದು ಇದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನನಗೆ ಕೊಟ್ಟಿರುವುದು ವಾಸನೆಯೇ ಇಲ್ಲದ ಶುದ್ಧ ಸಿಬಿಡಿ ದ್ರಾವಣ. ಅರೋಮಾ ಎಣ್ಣೆಯ ಅಂಗಡಿಯಲ್ಲಿ ಸಿಗುವ ಲಿನಲೂಲ್, ಲಿಮೊನೀನ್ ಹನಿಗಳನ್ನು ಬೆರೆಸಿಕೊಂಡರೆ ಪೂರ್ಣ ಗಿಡದ ಗುಣ ಬರುತ್ತದೆಯೇ?

ಉತ್ತರ: ಬೆರೆಸಬೇಡಿ. ಟರ್ಪೀನ್ ಇಲ್ಲದಿದ್ದರೆ ಮದ್ದು ಅರೆಬರೆ ಎಂಬುದು ತಪ್ಪು. ಡ್ರಾವೆ ಮತ್ತು ಲೆನಾಕ್ಸ್–ಗ್ಯಾಸ್ಟೊ ಎಂಬ ತೀವ್ರ ಮೂರ್ಛೆರೋಗಗಳಿಗೆ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎಪಿಡಿಯೊಲೆಕ್ಸ್ ಕೂಡ ಶುದ್ಧೀಕರಿಸಿದ ಸಿಬಿಡಿಯೇ.

ಒಂದು ಹನಿ ಸುಗಂಧ ತೈಲ ಎಂದರೆ 25–30 ಮಿಲಿಗ್ರಾಂ. ಹೂವಿನಿಂದ ಅಷ್ಟು ಲಿನಲೂಲ್ ಸಿಗಬೇಕಾದರೆ ಮೇಲಿನ ಡಬ್ಬಿಯಂಥದ್ದರಲ್ಲಿ 25–30 ಗ್ರಾಂ ಹೂ ಬೇಕು. ನಾಲಿಗೆಯಡಿ ಇಟ್ಟರೆ ಬಾಯಿಯ ಒಳಚರ್ಮ ಸುಡುತ್ತದೆ, ಹೊಟ್ಟೆ ಕೆಡುತ್ತದೆ. ತೆರೆದಿಟ್ಟು ಹಳತಾದ ಲಿಮೊನೀನ್, ಲಿನಲೂಲ್ ಗಾಳಿಯೊಡನೆ ಬೆರೆತು ಪೆರಾಕ್ಸೈಡ್‌ಗಳಾಗುತ್ತವೆ, ಅವು ಚರ್ಮದ ಅಲರ್ಜಿಗೆ ಹೆಸರಾದವು. ಸಿಬಿಡಿಯ ಎಣ್ಣೆಯನ್ನಾಗಲಿ, ಈ ಹನಿಗಳನ್ನಾಗಲಿ ವೇಪರೈಸರ್‌ಗೆ ಸುರಿಯುವುದಂತೂ ಕೂಡದು. ತಿನ್ನಲು ಯೋಗ್ಯವಾದ ಎಣ್ಣೆ ಶ್ವಾಸಕೋಶಕ್ಕೆ ಯೋಗ್ಯವಲ್ಲ, ಅದರಿಂದ ನ್ಯುಮೋನಿಯಾ ಬರಬಹುದು. 2019ರಲ್ಲಿ ಅಮೆರಿಕದಲ್ಲಿ ವೇಪ್ ಮಾಡಿ ಶ್ವಾಸಕೋಶ ಕೆಡಿಸಿಕೊಂಡವರ ಪ್ರಕರಣಗಳಲ್ಲಿ ಬಲವಾಗಿ ಕಂಡುಬಂದದ್ದು ವಿಟಮಿನ್ ಇ ಅಸಿಟೇಟ್, ಚರ್ಮಕ್ಕೆ ಹಚ್ಚಿದರೆ ಏನೂ ಮಾಡದ ವಸ್ತು.

ಟರ್ಪೀನ್ ಚಿಂತೆ ಬಿಟ್ಟು, ನೀವು ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂಬ ಪಟ್ಟಿಯನ್ನು ವೈದ್ಯರಿಗೆ ಕೊಡಿ. ಸಿಬಿಡಿ ಯಕೃತ್ತಿನ ಕಿಣ್ವಗಳನ್ನು ತಡೆಯುವುದರಿಂದ ಮೂರ್ಛೆರೋಗದ ಮದ್ದು ಕ್ಲೋಬಜಾಮ್ ತೆಗೆದುಕೊಳ್ಳುವವರಿಗೆ ಮಂಪರು ಹೆಚ್ಚುತ್ತದೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ರಕ್ತ ಅತಿಯಾಗಿ ತೆಳುವಾಗಬಹುದು. ಮೂರ್ಛೆಯ ಇನ್ನೊಂದು ಮದ್ದು ವಾಲ್‌ಪ್ರೊಯೇಟ್ ಜತೆಗಿದ್ದರೆ ಯಕೃತ್ತಿನ ರಕ್ತಪರೀಕ್ಷೆ ತಪ್ಪಿಸಬೇಡಿ.