ಹಿತ್ತಲಿಗೆ ಬಂದ ಪುಟ್ಟ ಹಕ್ಕಿ ಯಾವುದು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಗುಬ್ಬಿಗಿಂತ ಚಿಕ್ಕ ಹಕ್ಕಿಗಳ ಬಗ್ಗೆ. 'ಹಳದಿ ಬಣ್ಣದ ಪುಟ್ಟ ಹಕ್ಕಿ, ಹೆಸರೇನು?' ಎಂದಷ್ಟೇ ಬರೆದವರೂ ಇದ್ದಾರೆ. ಅವರಿಗೆ ಉತ್ತರಿಸಬೇಕಾದರೆ ನಾನು ಕವಡೆ ಹಾಕಿ ಕಣಿ ಹೇಳಬೇಕಾದೀತು. ಕಂಡದ್ದನ್ನು ಬಿಡಿಸಿ ಬರೆದವರ ಪ್ರಶ್ನೆಗಳನ್ನು ಮಾತ್ರ ಎತ್ತಿಕೊಂಡಿದ್ದೇನೆ.

ತುಮಕೂರಿನ ಓದುಗರೊಬ್ಬರು: ನವೆಂಬರ್ ತಿಂಗಳಿಂದ ನಮ್ಮ ದಾಸವಾಳದ ಗಿಡಕ್ಕೆ ಒಂದು ಹಕ್ಕಿ ಬರುತ್ತಿದೆ. ಬೆನ್ನು ಮಾಸಲು ಕಂದು, ಹೊಟ್ಟೆ ಹಳದಿ, ಗಂಟಲಿನಿಂದ ಹೊಟ್ಟೆಯವರೆಗೆ ಕಾಡಿಗೆಯಲ್ಲಿ ಗೀಟು ಎಳೆದಂತೆ ಕಪ್ಪು ಪಟ್ಟೆ. ಕೊಕ್ಕು ಉದ್ದ, ತುದಿ ಬಾಗಿದೆ. ಪುಸ್ತಕದಲ್ಲಿ ಹುಡುಕಿದರೂ ಇಂಥದ್ದು ಸಿಗಲಿಲ್ಲ. ಮಗಳು 'ಹಮ್ಮಿಂಗ್ ಬರ್ಡ್' ಎನ್ನುತ್ತಾಳೆ. ಹೊಸ ಜಾತಿಯೇ?

ಉತ್ತರ: ಮಗಳ ಮಾತನ್ನು ಮೊದಲು ಬಗೆಹರಿಸೋಣ. ಹಮ್ಮಿಂಗ್ ಬರ್ಡ್‌ಗಳು ಇರುವುದು ಉತ್ತರ, ದಕ್ಷಿಣ ಅಮೆರಿಕ ಖಂಡಗಳಲ್ಲಿ ಮಾತ್ರ. ನಮ್ಮಲ್ಲಿ ಹೂವಿಗೆ ಕೊಕ್ಕಿಟ್ಟು ಮಕರಂದ ಹೀರುವುದು ಸೂರಕ್ಕಿ. ಅದೂ ಒಮ್ಮೊಮ್ಮೆ ಹೂವಿನ ಮುಂದೆ ಗಾಳಿಯಲ್ಲಿ ನಿಂತೇ ರೆಕ್ಕೆ ಬಡಿಯುತ್ತದೆ, ಆದರೆ ಎರಡು ಮೂರು ಕ್ಷಣದಲ್ಲೇ ಸುಸ್ತಾಗಿ ಕಡ್ಡಿ ಹಿಡಿದು ಕೂರುತ್ತದೆ.

ನೀವು ಕಂಡದ್ದು ಊದಾ ಸೂರಕ್ಕಿಯ ಗಂಡು. ಹೊಸ ಜಾತಿಯಲ್ಲ, ಹಳೆಯ ಪರಿಚಯಸ್ಥನೇ ವೇಷ ಬದಲಿಸಿದ್ದಾನೆ. ಪುಸ್ತಕಗಳಲ್ಲಿ ಸಾಮಾನ್ಯವಾಗಿ ಮುದ್ರಿಸುವುದು ಮೈಯೆಲ್ಲ ನೀಲಿ, ನೇರಳೆ ಮಿಂಚುವ ಗಂಡಿನ ಚಿತ್ರವನ್ನು. ಅದು ಸಂಸಾರ ಹೂಡುವ ಕಾಲದ ಉಡುಪು. ಆ ಕಾಲ ಮುಗಿದ ಮೇಲೆ, ಮದುವೆ ಮನೆಯಿಂದ ಬಂದವರು ರೇಷ್ಮೆ ಪಂಚೆಯನ್ನು ಮಡಿಸಿ ಪೆಟ್ಟಿಗೆಗೆ ಹಾಕಿದಂತೆ, ಗಂಡು ತನ್ನ ಮಿಂಚಿನ ಗರಿಗಳನ್ನು ಉದುರಿಸಿ ಹೆಣ್ಣಿನಂಥದೇ ಮಾಸಲು ಬಣ್ಣಕ್ಕೆ ಮರಳುತ್ತದೆ. ಎದೆಯ ನಡುವಿನ ಕಪ್ಪು ಪಟ್ಟೆಯೊಂದು ಉಳಿದಿರುತ್ತದೆ. ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಇಂಥ ಪಟ್ಟೆಯ ಹಕ್ಕಿಗಳು ಹೆಚ್ಚು ಕಾಣುತ್ತವೆ. ಇನ್ನೂ ಪ್ರಾಯಕ್ಕೆ ಬಾರದ ಗಂಡಿಗೂ ಪಟ್ಟೆ ಇರುತ್ತದೆ. ಮುಂದಿನ ಸಲ ಅದು ಬಿಸಿಲಿಗೆ ಪಕ್ಕೆ ಕೊಟ್ಟು ಕೂತಾಗ ಹೆಗಲ ಮೇಲೆ ಕಣ್ಣಿಡಿ. ಅಲ್ಲಿ ಉಗುರಿನಷ್ಟು ಜಾಗ ನೀಲಿಯಾಗಿ ಹೊಳೆದರೆ ವೇಷ ಕಳಚಿದ ಪ್ರಾಯದ ಗಂಡೇ.

ನಾನು ಹಕ್ಕಿ ನೋಡಲು ಶುರುಮಾಡಿದ ವರ್ಷ ಇದನ್ನೇ 'ಪಟ್ಟೆ ಸೂರಕ್ಕಿ' ಎಂದು ಬೇರೆ ಜಾತಿಯಾಗಿ ನೋಟ್ ಪುಸ್ತಕದಲ್ಲಿ ಬರೆದಿಟ್ಟಿದ್ದೆ. ಜನವರಿಯ ಹೊತ್ತಿಗೆ ಅದೇ ಗಿಡದಲ್ಲಿ ಅದೇ ಹಕ್ಕಿಯ ಎದೆಯಲ್ಲಿ ಅಲ್ಲಲ್ಲಿ ನೇರಳೆ ತೇಪೆ ಮೂಡಿತು, ಫೆಬ್ರವರಿಯಲ್ಲಿ ಮೈಯೆಲ್ಲ ಮಿಂಚುವ ಕಡುನೀಲಿಯಾಯಿತು. ನನ್ನ ಹೊಸ ಜಾತಿ ಅಲ್ಲಿಗೆ ಮುಗಿಯಿತು. ನಿಮ್ಮದನ್ನೂ ಹಾಗೆಯೇ ಎರಡು ಮೂರು ತಿಂಗಳು ಬಿಡದೆ ನೋಡಿ.

ಹೆಣ್ಣುಗಳ ವಿಷಯದಲ್ಲಿ ಗಂಟಲೊಂದನ್ನು ಗಮನಿಸಿದರೆ ಸಾಕು. ಗಂಟಲಿನಿಂದಲೇ ಹಳದಿ ಶುರುವಾದರೆ ಊದಾ ಸೂರಕ್ಕಿ. ಗಂಟಲು ಬೂದುಬಿಳುಪಾಗಿದ್ದು ಎದೆಯಿಂದ ಹಳದಿ ಶುರುವಾದರೆ ಊದಾ ಪೃಷ್ಠದ ಸೂರಕ್ಕಿ. ನಮ್ಮ ಊರುಗಳ ಹಿತ್ತಲಲ್ಲಿ ಇದು ಇನ್ನೂ ಸಾಮಾನ್ಯ. ಇದರ ಗಂಡು ವರ್ಷವಿಡೀ ಒಂದೇ ವೇಷದಲ್ಲಿರುತ್ತದೆ.

ಅಮೆರಿಕದ ನ್ಯೂಜೆರ್ಸಿಯಿಂದ ಒಬ್ಬ ಕನ್ನಡತಿ: ಇಲ್ಲಿಯೂ ಬೇಸಿಗೆಯಲ್ಲಿ ನಮ್ಮ ಅಂಗಳಕ್ಕೆ ಸೂರಕ್ಕಿ ಬರುತ್ತದೆ, ಹಸಿರು ಬೆನ್ನು, ಕೆಂಪು ಕತ್ತು. ಊರಿನದೇ ಜಾತಿಯೇ?

ಉತ್ತರ: ತುಮಕೂರಿನ ಮಗು ಸೂರಕ್ಕಿಯನ್ನು ಹಮ್ಮಿಂಗ್ ಬರ್ಡ್ ಎಂದಿತು, ನೀವು ಹಮ್ಮಿಂಗ್ ಬರ್ಡನ್ನು ಸೂರಕ್ಕಿ ಎನ್ನುತ್ತಿದ್ದೀರಿ. ನಿಮ್ಮದು ಮಾಣಿಕ್ಯದ ಕತ್ತಿನ ಹಮ್ಮಿಂಗ್ ಬರ್ಡ್. ಅಮೆರಿಕದ ಪೂರ್ವ ಭಾಗದಲ್ಲಿ ಗೂಡು ಕಟ್ಟುವ ಹಮ್ಮಿಂಗ್ ಬರ್ಡ್ ಅದೊಂದೇ, ಆದ್ದರಿಂದ ಗೊಂದಲಕ್ಕೆ ಎಡೆಯಿಲ್ಲ. ಸಕ್ಕರೆ ನೀರು ಇಡುವುದಾದರೆ ಒಂದು ಲೋಟ ಸಕ್ಕರೆಗೆ ನಾಲ್ಕು ಲೋಟ ನೀರು. ಕೆಂಪು ಬಣ್ಣ ಬೆರೆಸುವುದು ಬೇಡ.

ದಾವಣಗೆರೆಯ ಶಿಕ್ಷಕರೊಬ್ಬರು: ಶಾಲೆಯ ಅಂಗಳದ ಗಸಗಸೆ ಹಣ್ಣಿನ ಮರದಲ್ಲಿ ಹೆಬ್ಬೆರಳಿಗಿಂತ ಕೊಂಚ ದೊಡ್ಡದಾದ ಹಕ್ಕಿ ಇಡೀ ದಿನ 'ಚಿಕ್ ಚಿಕ್' ಎನ್ನುತ್ತಿರುತ್ತದೆ. ಬಣ್ಣವೇ ಇಲ್ಲ. ಮಕ್ಕಳು ಗುಬ್ಬಿ ಮರಿ ಎನ್ನುತ್ತಾರೆ.

ಉತ್ತರ: ಮರದ ಹೆಸರು ಹೇಳಿದಿರಿ, ಅರ್ಧ ಕೆಲಸ ಮುಗಿಯಿತು. ಅದು ಬದನಿಕೆ ಹಕ್ಕಿ. ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 8 ಸೆಂಟಿಮೀಟರ್. ನಮ್ಮ ದೇಶದ ಅತಿ ಚಿಕ್ಕ ಹಕ್ಕಿಗಳಲ್ಲಿ ಒಂದು. ಹಾರಲು ಕಲಿತ ಗುಬ್ಬಿ ಮರಿ ತಾಯಿಯಷ್ಟೇ ದೊಡ್ಡದಿರುತ್ತದೆ ಎಂದು ಮಕ್ಕಳಿಗೆ ಹೇಳಿ. ಮರಿ ಎಂದರೆ ಚಿಕ್ಕ ಗಾತ್ರದ ಹಕ್ಕಿ ಎಂಬ ಲೆಕ್ಕ ಹಲವರನ್ನು ದಾರಿ ತಪ್ಪಿಸುತ್ತದೆ.

ಗಸಗಸೆ ಹಣ್ಣು ಇದಕ್ಕೆ ಪ್ರಾಣ. ಮರ ಇಲ್ಲದ ಕಡೆ ಬದನಿಕೆಯ, ಅಂದರೆ ಮಾವಿಗೆ ಅಂಟಿಕೊಂಡು ಅದರ ಸಾರ ಹೀರಿ ಬೆಳೆಯುವ ಗಿಡದ, ಹಣ್ಣು ಹುಡುಕಿ ನುಂಗುತ್ತದೆ, ಹೆಸರು ಬಂದಿರುವುದೂ ಅದರಿಂದಲೇ. ಬದನಿಕೆಯ ಬೀಜಕ್ಕೆ ಅಂಟು ಹೆಚ್ಚು. ಅದು ಹಕ್ಕಿಯ ಹಿಂಭಾಗಕ್ಕೆ ಮೆತ್ತಿಕೊಂಡಾಗ ಕಡ್ಡಿಗೆ ಉಜ್ಜಿ ಬಿಡಿಸಿಕೊಳ್ಳುತ್ತದೆ, ಬೀಜ ಅಲ್ಲೇ ಬೇರು ಬಿಡುತ್ತದೆ. ಮಾವಿನ ತೋಟದವರು ಇದನ್ನು ಬೈಯುವುದರಲ್ಲಿ ಆಶ್ಚರ್ಯವಿಲ್ಲ.

ಮೈಸೂರಿನಿಂದ ನಿವೃತ್ತ ನೌಕರರೊಬ್ಬರು: ಬೇಲಿಯಲ್ಲಿ ಒಂದು ಹಕ್ಕಿ ಬಾಲ ನಿಗುರಿಸಿಕೊಂಡು ಓಡಾಡುತ್ತದೆ. ಮೊಬೈಲಿನ ಮರ್ಲಿನ್ ಆ್ಯಪ್ ಒಂದು ದಿನ ಸಿಂಪಿಗ ಎನ್ನುತ್ತದೆ, ಮರುದಿನ ಬೂದು ಪ್ರೀನಿಯ ಎನ್ನುತ್ತದೆ. ಎಲೆ ಹೊಲಿದ ಗೂಡೂ ಸಿಕ್ಕಿದೆ. ಹಾಗಾದರೆ ಸಿಂಪಿಗವೇ ಅಲ್ಲವೇ?

ಉತ್ತರ: ಆ್ಯಪ್ ಎರಡು ದಿನವೂ ಸರಿಯಾಗಿಯೇ ಹೇಳಿರಬಹುದು. ನಿಮ್ಮ ಬೇಲಿಯಲ್ಲಿ ಎರಡೂ ಇರುವ ಸಂಭವ ಹೆಚ್ಚು. ಎಲೆ ಹೊಲಿದ ಗೂಡನ್ನು ಸಾಕ್ಷಿಯೆಂದು ತಂದಿದ್ದೀರಿ, ಆದರೆ ಬೂದು ಪ್ರೀನಿಯವೂ ಎಲೆ ಹೊಲಿಯುತ್ತದೆ.

ಹಕ್ಕಿಯನ್ನೇ ನೋಡಿ. ಸಿಂಪಿಗದ ನೆತ್ತಿಗೆ ಇಟ್ಟಿಗೆ ಕೆಂಪಿನ ಟೊಪ್ಪಿಗೆ, ಬೆನ್ನು ಎಲೆ ಹಸಿರು, ಹೊಟ್ಟೆ ಮಾಸಲು ಬಿಳಿ. ಪ್ರೀನಿಯದ ತಲೆ, ಬೆನ್ನು ಸ್ಲೇಟಿನ ಬೂದು, ಹೊಟ್ಟೆ ಕೆನೆಗಟ್ಟಿದ ಹಾಲಿಗೆ ಕೇಸರಿ ಹಾಕಿದ ಬಣ್ಣ, ಕಣ್ಣು ಕೆಂಪು. ಬೆಳಕು ಸರಿಯಿಲ್ಲದಿದ್ದರೆ ಈ ಬಣ್ಣಗಳೆಲ್ಲ ಕೈಕೊಡುತ್ತವೆ. ಆಗ ಕಿವಿಯನ್ನು ನಂಬಿ. ಸಿಂಪಿಗ 'ಟುವ್ವಿ ಟುವ್ವಿ ಟುವ್ವಿ' ಎಂದು ಮೈಗೆ ಮೀರಿದ ಗಂಟಲಿನಲ್ಲಿ ಕೂಗುತ್ತದೆ, ಕೂಗುವಾಗ ಕತ್ತಿನ ಎರಡೂ ಬದಿಯಲ್ಲಿ ಕಪ್ಪು ಚುಕ್ಕೆಯೊಂದು ಮೂಡಿ ಮರೆಯಾಗುತ್ತದೆ. ಪ್ರೀನಿಯ ಪೊದೆಯಿಂದ ಪೊದೆಗೆ ಹಾರುವಾಗ ಸ್ವಿಚ್ಚಿನಲ್ಲಿ ಕಿಡಿ ಹಾರಿದಂತೆ 'ಚಟ್ ಚಟ್' ಎಂಬ ಸದ್ದು ಬರುತ್ತದೆ. ಅದು ಕೇಳಿಸಿದರೆ ಹಕ್ಕಿ ಕಾಣದಿದ್ದರೂ ಹೆಸರು ಬರೆದುಕೊಳ್ಳಬಹುದು.

ಗೂಡು ಹತ್ತಿರದಲ್ಲೇ ಇದ್ದರೆ, ಮರಿಗಳು ಹಾರಿಹೋದ ಮೇಲೆ, ಅದರ ಹೊಲಿಗೆಯನ್ನು ಒಮ್ಮೆ ನೋಡಿ. ನಮ್ಮ ದರ್ಜಿ ಹಾಕಿದ ಹಾಗೆ ಒಂದೇ ನೂಲು ಸಾಲಾಗಿ ಓಡುವುದಿಲ್ಲ. ಎಲೆಯ ಅಂಚಿಗೆ ಕೊಕ್ಕಿನಿಂದ ತೂತು ಹಾಕಿ, ಹತ್ತಿಯ ಎಳೆಯನ್ನೋ ಜೇಡನ ಬಲೆಯನ್ನೋ ತೂರಿಸಿ, ಆಚೆ ಬಂದ ತುದಿಯನ್ನು ಕೆದರಿ ಉಂಡೆಯಂತೆ ಮಾಡಿರುತ್ತದೆ. ಹಾಗೆ ಕೆದರಿದ ತುದಿ ತೂತಿನಲ್ಲಿ ಹಿಂದಕ್ಕೆ ಜಾರುವುದಿಲ್ಲ. ಹೊಲಿಗೆ ಎನ್ನುವುದಕ್ಕಿಂತ ಗುಂಡಿ ಹಾಕುವುದು ಎನ್ನಬೇಕು. ಎಲೆ ಮಾತ್ರ ಬಾಡದೆ ಹಸಿರಾಗಿಯೇ ಇರುತ್ತದೆ, ಅದರಿಂದಲೇ ಗೂಡು ಕಣ್ಣಿಗೆ ಬೀಳುವುದಿಲ್ಲ.

ಆ್ಯಪ್ ಬಗ್ಗೆ ಒಂದು ಮಾತು. ಅದು ಹೆಸರು ಹೇಳಿದ ಕೂಡಲೇ ಮೊಬೈಲ್ ಜೇಬಿಗಿಟ್ಟು ಹೊರಡುವವರನ್ನು ನೋಡಿದ್ದೇನೆ. ಹೆಸರು ಬಂದ ಮೇಲೆ ಐದು ನಿಮಿಷ ನಿಂತು ಆ ಹಕ್ಕಿಯನ್ನು ಕಣ್ಣಾರೆ ಹುಡುಕಿ. ಸಿಗದಿದ್ದರೆ ಪಟ್ಟಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ. ರೆಕಾರ್ಡ್ ಮಾಡಿದ ಕೂಗನ್ನು ಮತ್ತೆ ಮತ್ತೆ ನುಡಿಸಿ ಹಕ್ಕಿಯನ್ನು ಕರೆಯುವುದು ಬೇಡ. ಗೂಡಿನ ಕಾಲದಲ್ಲಿ ಅದು ಎದುರಾಳಿ ಬಂದನೆಂದು ಕೆಲಸ ಬಿಟ್ಟು ಓಡಿಬರುತ್ತದೆ.

ಹಾಸನದ ಓದುಗರೊಬ್ಬರು: ಅಕ್ಟೋಬರ್‌ನಿಂದ ನಮ್ಮ ಮಾವಿನ ಮರದಲ್ಲಿ ಎಲೆಯ ಬಣ್ಣದ್ದೇ ಒಂದು ಹಕ್ಕಿ ಇದೆ. ಒಂದು ಕ್ಷಣವೂ ನಿಲ್ಲುವುದಿಲ್ಲ. ಕಳುಹಿಸಿದ ಫೋಟೋ ನೋಡಿ ಹೇಳಿ.

ಉತ್ತರ: ಫೋಟೋದಲ್ಲಿ ಮಾವಿನ ಎಲೆಗಳು ಚೆನ್ನಾಗಿ ಬಂದಿವೆ! ಹಕ್ಕಿಯ ಪಾಲು ಅರ್ಧ ಬಾಲ ಮಾತ್ರ. ಬಂದ ಕಾಲ ಮತ್ತು ಚಡಪಡಿಕೆ ನೋಡಿದರೆ ವಲಸೆ ಬಂದ ಎಲೆ ಉಲಿಯಕ್ಕಿ. ಹಿಮಾಲಯದಲ್ಲೂ ಅದರಾಚೆಗೂ ಮರಿ ಮಾಡಿ, ಚಳಿಗೆ ನಮ್ಮಲ್ಲಿಗೆ ಬಂದು, ಏಪ್ರಿಲ್ ಹೊತ್ತಿಗೆ ಹೊರಡುತ್ತದೆ. ಇವುಗಳಲ್ಲಿ ಒಂದರಂತೆ ಒಂದು ಇರುವ ಜಾತಿಗಳು ಹಲವು. ಹುಬ್ಬಿನ ಮೇಲೆ ತಿಳಿಗೆರೆ, ರೆಕ್ಕೆಯ ಮೇಲೆ ಸಣ್ಣ ಬಿಳಿಗೀರು, ಎರಡಕ್ಷರದ 'ಚಿಸ್ವೀ' ಕೂಗು ಇದ್ದರೆ ಹಸಿರು ಎಲೆ ಉಲಿಯಕ್ಕಿ ಎನ್ನಬಹುದು. ಅದಿಲ್ಲದೆ ನಾನು ಹೆಸರಿಡುವುದಿಲ್ಲ. ಕಣ್ಣ ಸುತ್ತ ಸುಣ್ಣದ ಉಂಗುರ ಇದ್ದರೆ ಮಾತ್ರ ಕಥೆಯೇ ಬೇರೆ, ಅದು ಬೆಳ್ಗಣ್ಣ. ಅದು ಒಂಟಿಯಾಗಿ ಬರುವುದು ಕಡಿಮೆ, ಗುಂಪೇ ಬರುತ್ತದೆ.

ಬೆಂಗಳೂರಿನ ಗೃಹಿಣಿಯೊಬ್ಬರು: ಬಾಲ್ಕನಿಯ ಕುಂಡದ ಗಿಡದಲ್ಲಿ ಎದೆಯ ತುಂಬ ಚುಕ್ಕೆಯಿರುವ ಜೋಡಿ ಹಕ್ಕಿ ಹುಲ್ಲಿನ ಗೂಡು ಕಟ್ಟಿವೆ. ಮರಿಗಳಿಗೆ ಒಂದು ಚುಕ್ಕೆಯೂ ಇಲ್ಲ, ಬರೀ ಕಂದು. ಕೋಗಿಲೆಯಂತೆ ಬೇರೆ ಹಕ್ಕಿ ಬಂದು ಮೊಟ್ಟೆ ಇಟ್ಟಿತೇ ಎಂದು ಅತ್ತೆಗೆ ಅನುಮಾನ. ಮಗ ಒಂದು ಮರಿಯನ್ನು ಸಾಕುತ್ತೇನೆ ಎಂದು ಹಟ ಹಿಡಿದಿದ್ದಾನೆ.

ಉತ್ತರ: ಅತ್ತೆಯವರ ಅನುಮಾನ ಬುದ್ಧಿವಂತರದ್ದೇ. ಕೋಗಿಲೆ ಕಾಗೆಯ ಗೂಡಿಗೆ ಮೊಟ್ಟೆ ಇಡುವ ಹಾಗೆ, ಅದರ ಚಿಕ್ಕ ನೆಂಟರು ಸಿಂಪಿಗ, ಪ್ರೀನಿಯಗಳ ಗೂಡಿಗೂ ಇಡುತ್ತಾರೆ. ನಿಮ್ಮ ಬಾಲ್ಕನಿಯಲ್ಲಿ ಆದದ್ದು ಅದಲ್ಲ. ನಿಮ್ಮ ಜೋಡಿ ಚುಕ್ಕೆ ರಾಟವಾಳ. ಇದರ ಮರಿ ಹುಟ್ಟಿನಿಂದ ಸಾದಾ ಕಂದು, ಎದೆಯ ಚುಕ್ಕೆ ಬರುವುದು ದೊಡ್ಡದಾದ ಮೇಲೆ. ಕಾಳು ಒಡೆಯಲು ಇರುವ ಮೋಟು, ದಪ್ಪ ಕೊಕ್ಕನ್ನು ನೋಡಿದರೆ ತಾಯಿ ಮಕ್ಕಳ ಹೋಲಿಕೆ ಕಾಣುತ್ತದೆ.

ಮಗನಿಗೆ ಹೇಳಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಕಾಡು ಹಕ್ಕಿಗಳನ್ನು ಹಿಡಿದು ಸಾಕುವಂತಿಲ್ಲ. ಅದಕ್ಕಿಂತ, ಮರಿ ಗೂಡಿನಿಂದ ತಲೆ ಹೊರಹಾಕಿದ ದಿನ, ಮೊದಲು ಹಾರಿದ ದಿನ ಎಂದು ಕ್ಯಾಲೆಂಡರಿನಲ್ಲಿ ಬರೆಯುವ ಕೆಲಸ ಕೊಡಿ. ಕುಂಡವನ್ನು ಜಾಗ ಬದಲಿಸದೆ, ಬೆಳಗ್ಗೆ ಒಮ್ಮೆ ಬುಡಕ್ಕೆ ಮಾತ್ರ ನೀರು ಹಾಕಿ. ಬಟ್ಟೆ ಒಣಹಾಕುವುದನ್ನು ಕೆಲವು ವಾರ ಇನ್ನೊಂದು ಬದಿಗೆ ಇಟ್ಟುಕೊಳ್ಳಿ. ಮರಿಗಳು ಹೋದವೆಂದು ಗೂಡನ್ನು ಕೂಡಲೇ ಕಿತ್ತೆಸೆಯಬೇಡಿ. ಹಳೆಯ ಗೂಡಿನಲ್ಲಿ ರಾತ್ರಿ ಮಲಗುವ ರೂಢಿ ರಾಟವಾಳಗಳಿಗಿದೆ. ಸಂಜೆ ಆರರ ಮೇಲೆ ಪರದೆಯ ಸಂದಿಯಿಂದ ಇಣುಕಿದರೆ ಒಂದೊಂದಾಗಿ ಒಳಗೆ ನುಸುಳುವುದು ಕಂಡೀತು.